ನಕ್ಷತ್ರಗಳ ನಡುವಿನ ಮಂಜಿಗಳು

ವಿಜ್ಞಾನ ಕಥೆಗಳಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಜಾತಿ ಇದೆ. ಅದರಲ್ಲಿ ಬ್ರಹ್ಮಾಂಡವನ್ನು ಉಳಿಸುವ ವೀರರಿಲ್ಲ, ದೊಡ್ಡ ಯುದ್ಧವಿಲ್ಲ. ಒಂದು ಹಳೇ ಹಡಗು, ಐದಾರು ಜನ ಸಿಬ್ಬಂದಿ, ತಲೆ ಮೇಲೆ ಸಾಲ, ಹಡಗಿನ ಹೊಟ್ಟೆಯಲ್ಲಿ ಯಾರದೋ ಸರಕು, ಅಷ್ಟೆ. ಈ ಗ್ರಹದಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ತುಂಬಿಕೊಂಡು ಆ ಗ್ರಹದಲ್ಲಿ ನಾಲ್ಕು ಕಾಸು ಲಾಭಕ್ಕೆ ಮಾರುವುದು. ಎಂಜಿನ್ ಕೈಕೊಟ್ಟರೆ ರಿಪೇರಿಗೆ ದುಡ್ಡಿಲ್ಲ. ದೊಡ್ಡ ಕಂಪನಿಯ ಹಡಗುಗಳು ತಿರುಗಿಯೂ ನೋಡದ ಸಣ್ಣ ಊರುಗಳೇ ಇವರ ಗಿರಾಕಿಗಳು.

ನೀವು ವಿಜ್ಞಾನ ಕಥೆ ಓದದಿದ್ದರೂ ಇಂಥ ಹಡಗನ್ನು ನೋಡಿರುತ್ತೀರಿ. 1977ರ 'ಸ್ಟಾರ್ ವಾರ್ಸ್' ಸಿನಿಮಾದ ಮಿಲೇನಿಯಂ ಫಾಲ್ಕನ್ ಅಂಥದ್ದೇ ಒಂದು ಲಡಕಾಸಿ ಸರಕು ಹಡಗು. 2002ರಲ್ಲಿ ಬಂದು ಒಂದೇ ಸೀಸನ್ನಿಗೆ ನಿಂತುಹೋದ 'ಫೈರ್‌ಫ್ಲೈ' ಧಾರಾವಾಹಿಯ ಸೆರೆನಿಟಿಯೂ ಅಂಥದ್ದೇ. ಇನ್ನೂ ಹಿಂದಕ್ಕೆ ಹೋದರೆ ಐಸಾಕ್ ಅಸಿಮೋವ್ 1944ರಲ್ಲೇ 'ಫೌಂಡೇಶನ್' ಸರಣಿಯಲ್ಲಿ ಅಲೆಮಾರಿ ವ್ಯಾಪಾರಿಗಳ ಕಥೆ ಬರೆದಿದ್ದರು. ಆಂಡ್ರೆ ನಾರ್ಟನ್ ಎಂಬ ಲೇಖಕಿ 1955ರಲ್ಲಿ ಬರೆದ ಕಾದಂಬರಿಯಲ್ಲಂತೂ ಒಂದು ಬಡ ಹಡಗಿನವರು ಕೈಯಲ್ಲಿದ್ದ ದುಡ್ಡನ್ನೆಲ್ಲ ಸುರಿದು ಹರಾಜಿನಲ್ಲಿ ಒಂದು ಗ್ರಹದ ವ್ಯಾಪಾರದ ಹಕ್ಕನ್ನು ಕೊಳ್ಳುತ್ತಾರೆ!

ಈ ಬರಹ ಆ ಹಡಗುಗಳ ಬಗ್ಗೆ. ಆದರೆ ಇದು ಚರಿತ್ರೆಯ ಬರಹ, ಕಥೆಯ ವಿಮರ್ಶೆಯಲ್ಲ. ಏಕೆಂದರೆ ಈ ಹಡಗುಗಳು ನಿಜವಾಗಿ ಓಡಾಡಿದ ಜಾಗವೊಂದಿದೆ, ಅದು ನಮ್ಮ ಮಂಗಳೂರು ಅನ್ನುವುದು ನನ್ನ ವಾದ. ನಗಬೇಡಿ, ಪೂರ್ತಿ ಓದಿ :-)

*

ಮೊದಲು ಒಂದು ಆಟದ ವಿಷಯ ಹೇಳಬೇಕು. 1977ರಲ್ಲಿ ಅಮೆರಿಕದಲ್ಲಿ 'ಟ್ರಾವೆಲರ್' ಎಂಬ ಆಟ ಬಂತು. ಕಂಪ್ಯೂಟರ್ ಆಟವಲ್ಲ, ನಾಲ್ಕು ಜನ ಸ್ನೇಹಿತರು ಮೇಜಿನ ಸುತ್ತ ಕೂತು ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಆಡುವಂಥದ್ದು. ಮಾರ್ಕ್ ಮಿಲ್ಲರ್ ಎಂಬುವವರು ಮಾಡಿದ್ದು. ಸಣ್ಣ ಸ್ವತಂತ್ರ ವ್ಯಾಪಾರಿ ನೌಕೆಗಳಿಗೆ ಇಷ್ಟು ಕಟ್ಟುನಿಟ್ಟಾದ ಲೆಕ್ಕಾಚಾರ ಹಾಕಿಕೊಟ್ಟ ಇನ್ನೊಂದು ಪುಸ್ತಕ ನನಗೆ ಸಿಕ್ಕಿಲ್ಲ. ಅದರ ಎರಡು ನಿಯಮ ಮಾತ್ರ ಇಲ್ಲಿ ಮುಖ್ಯ.

ಒಂದನೆಯದು ಸಾಲ. ಹಡಗನ್ನು ಯಾರೂ ರೊಕ್ಕ ಎಣಿಸಿ ಕೊಳ್ಳುವುದಿಲ್ಲ. ಮುಂಗಡ ಕೊಟ್ಟ ಮೇಲೆ, ಹಡಗಿನ ಬೆಲೆಯ 240ನೇ ಒಂದು ಭಾಗವನ್ನು ತಿಂಗಳು ತಿಂಗಳು ಬ್ಯಾಂಕಿಗೆ ಕಟ್ಟಬೇಕು. ಎಷ್ಟು ತಿಂಗಳು? 480. ಅಂದರೆ ನಲವತ್ತು ವರ್ಷ! ಜೆಪಿ ನಗರದಲ್ಲಿ ಫ್ಲ್ಯಾಟ್ ತಗೊಂಡು ಇಪ್ಪತ್ತು ವರ್ಷದ ಇಎಂಐ ಕಟ್ಟುತ್ತಿರುವ ನನ್ನ ಸಹೋದ್ಯೋಗಿಗಳಿಗೆ ಇದನ್ನು ಹೇಳಿದರೆ ಅವರಿಗೆ ಎಷ್ಟೋ ಸಮಾಧಾನ.

ಎರಡನೆಯದು ಸುದ್ದಿ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಡಗು ಜಿಗಿಯಲು ಸುಮಾರು ಒಂದು ವಾರ ಬೇಕು. ಹಡಗಿಗಿಂತ ಜೋರಾಗಿ ಹೋಗುವ ರೇಡಿಯೋ, ಫೋನು ಯಾವುದೂ ಇಲ್ಲ. ಸುದ್ದಿಯೂ ಹಡಗಿನಲ್ಲೇ ಹೋಗಬೇಕು. ನೀವು ಹೊರಟಾಗ ಆ ಊರಲ್ಲಿ ಗೋಧಿಗೆ ಒಳ್ಳೇ ಬೆಲೆ ಇತ್ತು. ತಲುಪುವಷ್ಟರಲ್ಲಿ ನಿಮಗಿಂತ ಮುಂಚೆ ಇನ್ನೊಬ್ಬ ಗೋಧಿ ಸುರಿದು ಹೋಗಿದ್ದಾನೆ. ಕೇಳುವುದು ಯಾರನ್ನ?

ಈ ಎರಡನೇ ನಿಯಮದ ಮೇಲೆ ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಸಾಮಾನ್ಯವಾಗಿ ಎಲ್ಲರೂ ಹೇಳುವುದು ಈ ಕಥೆಗಳ ಮೂಲ 'ಟ್ರ್ಯಾಂಪ್ ಸ್ಟೀಮರ್' ಅಂತ. ನಿಗದಿತ ದಾರಿಯಿಲ್ಲದೆ, ಎಲ್ಲಿ ಸರಕು ಸಿಕ್ಕಿದರೆ ಅಲ್ಲಿಗೆ ಹೋಗುತ್ತಿದ್ದ ಹತ್ತೊಂಬತ್ತು-ಇಪ್ಪತ್ತನೇ ಶತಮಾನದ ಉಗಿಹಡಗುಗಳು. ನೋಡಲು ಹೋಲಿಕೆ ಸರಿಯಾಗೇ ಇದೆ. ತುಕ್ಕು ಹಿಡಿದ ಮೈ, ಬೈಯುವ ಕ್ಯಾಪ್ಟನ್, ಪ್ರತಿ ಬಂದರಿನಲ್ಲೂ ಒಂದು ಜಗಳ. ಆದರೆ ಉಗಿಹಡಗು ಹಾಗೆ ಊರೂರು ಅಲೆಯಲು ಸಾಧ್ಯವಾಗಿದ್ದೇ ತಂತಿಯಿಂದ. 1870ರಲ್ಲಿ ಸಮುದ್ರದಡಿಯ ಕೇಬಲ್ ಏಡನ್ನಿನ ಮೂಲಕ ಮುಂಬಯಿಯನ್ನು ಲಂಡನ್ನಿಗೆ ಸೇರಿಸಿತು. ಆಮೇಲೆ ಮುಂಬಯಿಯಲ್ಲಿ ಲಂಗರು ಹಾಕಿದ ಕ್ಯಾಪ್ಟನ್ನಿಗೆ ಮುಂದಿನ ಸರಕು ಎಲ್ಲಿದೆ, ಬಾಡಿಗೆ ಎಷ್ಟು ಅನ್ನುವುದು ಲಂಡನ್ನಿನ ಆಫೀಸಿನಿಂದ ತಂತಿಯಲ್ಲಿ ಬರುತ್ತಿತ್ತು. ಅವನು ಅಲೆಮಾರಿ ನಿಜ, ಆದರೆ ಅವನ ಕೊರಳಿಗೆ ಒಂದು ತಂತಿ ಕಟ್ಟಿತ್ತು.

ವಿಜ್ಞಾನ ಕಥೆಯವರು ಉಗಿಹಡಗನ್ನು ಹಾಗೇ ಎತ್ತಿಕೊಂಡು ಆ ತಂತಿಯನ್ನು ಮಾತ್ರ ಕತ್ತರಿಸಿಬಿಟ್ಟರು. ಕತ್ತರಿಸಿದ ತಕ್ಷಣ ಅವರ ಹಡಗು ಏಳೆಂಟು ನೂರು ವರ್ಷ ಹಿಂದಕ್ಕೆ ಹೋಗಿ ಬಿತ್ತು. ಹಾಗಾದರೆ ಸುದ್ದಿಯೂ ಸರಕೂ ಒಂದೇ ಹಡಗಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ ಸಣ್ಣ ವ್ಯಾಪಾರಿ ಹೇಗೆ ಬದುಕಿದ? ಇದಕ್ಕೆ ಜಗತ್ತಿನಲ್ಲಿ ಸಿಗುವ ಅತ್ಯುತ್ತಮ ದಾಖಲೆಗಳಲ್ಲಿ ಒಂದು ಮಂಗಳೂರಿನದು. ಆದರೆ ಅದು ಸಿಕ್ಕಿದ್ದು ಮಂಗಳೂರಿನಲ್ಲಲ್ಲ, ಈಜಿಪ್ಟಿನಲ್ಲಿ.

*

ಹಳೇ ಕೈರೋದ ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಒಂದು ಕೋಣೆ ಇತ್ತು. ದೇವರ ಹೆಸರು ಬರೆದಿರಬಹುದಾದ ಯಾವ ಕಾಗದವನ್ನೂ ಹರಿದು ಬಿಸಾಡಬಾರದು ಅನ್ನುವುದು ಅವರ ಸಂಪ್ರದಾಯ. ಆಗಿನ ಕಾಲದಲ್ಲಿ ಮೆಣಸಿನ ಬಿಲ್ಲಿನಲ್ಲೂ ದೇವರ ಹೆಸರು ಬರುತ್ತಿತ್ತಲ್ಲ, ಹಾಗಾಗಿ ಎಲ್ಲ ಕಾಗದವೂ ಆ ಕೋಣೆಗೆ. ನೂರಾರು ವರ್ಷ ತುಂಬುತ್ತಲೇ ಹೋಯಿತು. ಇದಕ್ಕೆ 'ಗೆನಿಜಾ' ಅನ್ನುತ್ತಾರೆ. 1896-97ರ ಸುಮಾರಿಗೆ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಆಮೇಲೆ ಗೊಯ್ಟೈನ್ ಎಂಬ ಇನ್ನೊಬ್ಬ ವಿದ್ವಾಂಸರು ಜೀವಮಾನವಿಡೀ ಕೂತು, ಅದರಲ್ಲಿ ಹಿಂದೂ ಮಹಾಸಾಗರದ ವ್ಯಾಪಾರಿಗಳ ಪತ್ರಗಳನ್ನು ಬೇರೆ ಮಾಡಿದರು. ಅಮಿತಾವ್ ಘೋಷ್ 1992ರಲ್ಲಿ ಬರೆದ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಪುಸ್ತಕ ಇದೇ ಪತ್ರಗಳ ಬೆನ್ನು ಹತ್ತಿ ಹೋದದ್ದು. ನಿಮ್ಮಲ್ಲಿ ಕೆಲವರಾದರೂ ಓದಿರಬೇಕು.

ಆ ಪತ್ರಗಳಲ್ಲಿ ಒಬ್ಬ ಅಬ್ರಹಾಂ ಬೆನ್ ಯಿಜು ಬರುತ್ತಾನೆ. ಹುಟ್ಟಿದ್ದು ಈಗಿನ ಟುನೀಶಿಯಾದಲ್ಲಿ. ಏಡನ್ನಿಗೆ ಬಂದು, ಅಲ್ಲಿಂದ ಸಮುದ್ರ ದಾಟಿ ಮಂಗಳೂರಿಗೆ ಬಂದ. 1132ರ ಅಕ್ಟೋಬರಿನಲ್ಲಿ ಅವನು ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಸಿಕ್ಕಿದೆ. 1149ರಲ್ಲಿ ಏಡನ್ನಿಗೆ ವಾಪಸಾದ. ಅಂದರೆ ಆಳುಪರ ಕಾಲದ ಮಂಗಳೂರಿನ ಸೀಮೆಯಲ್ಲಿ ಹದಿನೇಳು ವರ್ಷದಷ್ಟು ಕಾಲ ಕಳೆದ. ದೊಡ್ಡ ಸಾಹುಕಾರನೇನಲ್ಲ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಏಡನ್ನಿನಿಂದ ತಾಮ್ರವೂ ಒಡೆದ ಹಳೇ ಪಾತ್ರೆಗಳೂ ಬರುತ್ತಿದ್ದವು. ಇಲ್ಲಿ ಕಂಚಿನ ಕೆಲಸಗಾರರಿಂದ ಹೊಸ ಪಾತ್ರೆ ಮಾಡಿಸಿ ವಾಪಸ್ ಕಳಿಸುತ್ತಿದ್ದ. ಅವನ ಸ್ನೇಹಿತರು ಅವನಿಗೆ ಸಕ್ಕರೆ, ಒಣದ್ರಾಕ್ಷಿ ಮತ್ತು ಮುಖ್ಯವಾಗಿ ಬರೆಯಲು ಕಾಗದ ಕಳಿಸುತ್ತಿದ್ದರು. ಕಾಗದ ಇಲ್ಲಿ ಅಪರೂಪ, ಹಾಗಾಗಿ ಬಂದ ಪತ್ರದ ಹಿಂಬದಿಯಲ್ಲೇ ತನ್ನ ಲೆಕ್ಕ ಬರೆಯುತ್ತಿದ್ದ.

ಈಗ ಸುದ್ದಿಯ ವೇಗ ನೋಡಿ. ಮಂಗಳೂರಿನಿಂದ ಏಡನ್ನಿಗೆ ಚಳಿಗಾಲದ ಗಾಳಿಯಲ್ಲಿ ಹೋಗಬೇಕು. ಏಡನ್ನಿನಿಂದ ಇಲ್ಲಿಗೆ ಮುಂಗಾರು ಇಳಿಯುವ ಹೊತ್ತಿನ ಗಾಳಿಯಲ್ಲಿ ಬರಬೇಕು. ಒಂದೊಂದು ದಿಕ್ಕಿಗೆ ಗಾಳಿ ವರ್ಷಕ್ಕೊಂದೇ ಸಲ ತಿರುಗುವುದು. ಹಾಗಾಗಿ 'ಮೆಣಸಿನ ಬೆಲೆ ಹೇಗಿದೆ?' ಅಂತ ಕೇಳಿ ಕಳಿಸಿದರೆ ಉತ್ತರ ಕೈಗೆ ಬಂದು, ಅದರಂತೆ ಸರಕು ಕಳಿಸುವ ಹೊತ್ತಿಗೆ ಒಂದು ವರ್ಷ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಪಿಂಗ್‌ಗೆ ಒಂದು ವರ್ಷದ ಲೇಟೆನ್ಸಿ! ಎರಡು ಊರಿಗೆ ಎರಡು ರಾಜರು, ಎರಡು ಕಾನೂನು. ಸಾಲಗಾರ ಕೈಯೆತ್ತಿದರೆ ಎರಡೂ ಕಡೆ ಎಳೆದು ತರುವ ಕೋರ್ಟು ಯಾವುದೂ ಇಲ್ಲ.

ಇಂಥ ವ್ಯಾಪಾರ ಹೇಗೆ ನಡೆಯಿತು ಅಂದರೆ, ಮೂರು ನಾಲ್ಕು ಜನರ ಮಾತಿನ ಮೇಲೆ ನಡೆಯಿತು. ಏಡನ್ನಿನಲ್ಲಿ ಮದ್ಮೂನ್ ಇಬ್ನ್ ಹಸನ್ ಎಂಬ ವರ್ತಕರ ಮುಖಂಡ, ಖಲಫ್, ಯೂಸುಫ್ ಎಂಬ ಇಬ್ಬರು ವರ್ತಕರು. ಬೆನ್ ಯಿಜು ಕಳಿಸಿದ ಸರಕನ್ನು ಅವರು ತಮ್ಮದೇ ಎಂಬಂತೆ ಮಾರುತ್ತಿದ್ದರು, ಲೆಕ್ಕ ಬರೆದು ಕಳಿಸುತ್ತಿದ್ದರು. ಅವರಿಗೆ ಬೇಕಾದ್ದನ್ನು ಇವನು ಇಲ್ಲಿ ಕೊಳ್ಳುತ್ತಿದ್ದ. ಕಮಿಶನ್ ಅಂತ ಒಂದು ಪೈಸೆ ಎಣಿಸಿದಂತೆ ಕಾಣುವುದಿಲ್ಲ. ನೀನು ನನ್ನ ಕೆಲಸ ಮಾಡು, ನಾನು ನಿನ್ನ ಕೆಲಸ ಮಾಡುತ್ತೇನೆ, ಅಷ್ಟೆ. ಎಲ್ಲರಿಗೂ ಗೊತ್ತಿದ್ದ ಮಾತೊಂದೇ: ಒಬ್ಬನಿಗೆ ಮೋಸ ಮಾಡಿದರೆ ಮುಂದಿನ ವರ್ಷದ ಹಡಗಿನಲ್ಲಿ ಆ ಸುದ್ದಿ ಎಲ್ಲ ಬಂದರಿಗೂ ಹೋಗುತ್ತದೆ.

ಜಗಳ ಇರಲಿಲ್ಲ ಅಂತಲ್ಲ. ಇಲ್ಲಿನ ಒಬ್ಬ ವ್ಯಾಪಾರಿ ಏಡನ್ನಿನವರಿಂದ ಮುಂಗಡ ತಗೊಂಡು ಏಲಕ್ಕಿ ಕೊಡಲೇ ಇಲ್ಲ. ಆ ಬಾಕಿಯ ವಿಷಯ ವರ್ಷಗಟ್ಟಲೆ ಪತ್ರ ಪತ್ರದಲ್ಲೂ ಬರುತ್ತದೆ. ನಡುವೆ ಸಿಕ್ಕಿಕೊಂಡ ಬೆನ್ ಯಿಜುವಿಗೆ ಪಾಪ, ಅಲ್ಲೂ ಸಲ್ಲಲಿಲ್ಲ ಇಲ್ಲೂ ಸಲ್ಲಲಿಲ್ಲ. ಇನ್ನೊಂದು ಸಲ ಅವನ ಸರಕಿದ್ದ ಹಡಗು ಏಡನ್ನಿನ ಕಡೆ ಸಮುದ್ರದಲ್ಲಿ ಮುಳುಗಿತು. ಖಲಫ್ ಅದರ ವರದಿ ಒಪ್ಪಿಸುತ್ತಾನೆ: ಮೆಣಸು ಒಂದು ಕಾಳೂ ಉಳಿಯಲಿಲ್ಲ, ಕಬ್ಬಿಣಕ್ಕೆ ಮಾತ್ರ ಮುಳುಗುಗಾರರನ್ನು ಕರೆಸಿ ಅರ್ಧದಷ್ಟು ಮೇಲೆತ್ತಿಸಿದೆವು. ಎಲ್ಲ ಮುಳುಗಿತು ಅಂತ ಒಂದು ಸಾಲು ಬರೆದು ಆ ಅರ್ಧ ಕಬ್ಬಿಣವನ್ನು ಖಲಫ್ ಜೇಬಿಗೆ ಹಾಕಿಕೊಂಡಿದ್ದರೆ ಇಲ್ಲಿದ್ದವನಿಗೆ ತಿಳಿಯುತ್ತಿತ್ತೇ? ಬಹುಶಃ ಇಲ್ಲ. ಆದರೂ ಬರೆದ.

ನನಗೆ ಇನ್ನೂ ಖುಷಿ ಕೊಟ್ಟದ್ದು ಮದ್ಮೂನನ ಒಂದು ಪತ್ರ. ಅದರಲ್ಲಿ ಮಂಗಳೂರಿನ ಕಡೆಯ ಸ್ಥಳೀಯ ವ್ಯಾಪಾರಿಗಳ ಹೆಸರು ಬರುತ್ತದೆ. ಅರಬ್ಬಿ ನಾಲಿಗೆಯಲ್ಲಿ, ಹೀಬ್ರೂ ಲಿಪಿಯಲ್ಲಿ 'ಸೂಸ್ ಸಿತಿ', 'ಕನಾಬ್ತಿ'. ನಮಗೆ ಬಿಡಿಸಿ ಹೇಳಬೇಕೇ? ಒಬ್ಬ ಯಾರೋ ಸೆಟ್ಟಿ, ಇನ್ನೊಬ್ಬ ಗಣಪತಿ! ಅವರು ಮಂಗಳೂರಿನಿಂದ ಏಡನ್ನಿಗೆ ಒಂದು ಹಡಗು ಕಟ್ಟಿ ಕಳಿಸುವುದಾದರೆ ತಾನೂ ಪಾಲುದಾರನಾಗಲು ಸಿದ್ಧ ಅಂತ ಮದ್ಮೂನ್ ಹೇಳಿ ಕಳಿಸುತ್ತಾನೆ. ಒಬ್ಬ ಯಹೂದಿ, ಒಬ್ಬ ಸೆಟ್ಟಿ, ಒಬ್ಬ ಗಣಪತಿ ಸೇರಿ ಒಂದು ಸರಕು ಹಡಗು. ಯಾವ ರಾಜನ ನೌಕಾಪಡೆಯೂ ಅಲ್ಲ, ಯಾವ ಕಂಪನಿಯೂ ಅಲ್ಲ. ಅಮೆರಿಕದ ಆ ಆಟದವರು ಇದನ್ನು ಓದಿದ್ದರೆ ನಿಯಮ ಬರೆಯುವ ಕಷ್ಟವೇ ಇರುತ್ತಿರಲಿಲ್ಲ.

*

ಆ ಪತ್ರಗಳಲ್ಲಿ ಹಡಗು ಹತ್ತಿ ನಿಜವಾಗಿ ಓಡಾಡುವವನು ಇನ್ನೊಬ್ಬ ಇದ್ದಾನೆ. ಬೆನ್ ಯಿಜುವಿನ ದಾಸ. ಗೊಯ್ಟೈನ್ ಅವನ ಹೆಸರನ್ನು 'ಬಾಮಾ' ಎಂದು ಓದಿದ್ದರು. ಘೋಷ್ ಮಂಗಳೂರಿಗೆ ಬಂದು ಪ್ರೊ. ಬಿ. ಎ. ವಿವೇಕ ರೈ ಅವರೊಂದಿಗೆ ಕೂತು ಚರ್ಚಿಸಿದ ಮೇಲೆ ಅದು 'ಬೊಮ್ಮ' ಎಂದು ನಿಶ್ಚಯಿಸಿದರು. ದಾಸ ಅಂದರೆ ನಾವು ಅಂದುಕೊಳ್ಳುವಂಥ ಸಂಕೋಲೆಯ ದಾಸನಲ್ಲ. ಯಜಮಾನನ ಪರವಾಗಿ ಬೆಲೆಬಾಳುವ ಸರಕು ತಗೊಂಡು ಒಬ್ಬನೇ ಏಡನ್ನಿಗೆ ಹೋಗಿ, ವ್ಯವಹಾರ ಮುಗಿಸಿ ಬರುವ ನಂಬಿಕೆಯ ಮನುಷ್ಯ. ಅಲ್ಲಿ ಅವನಿಗೆ ಕೊಟ್ಟ ಸಂಬಳ ಕೂಡ ಲೆಕ್ಕದಲ್ಲಿ ಬರೆದಿದೆ. ಕೊನೆಕೊನೆಗೆ ಏಡನ್ನಿನ ವರ್ತಕರು ತಮ್ಮ ಪತ್ರದ ಕೊನೆಯಲ್ಲಿ ಅವನಿಗೂ ನಮಸ್ಕಾರ ಹೇಳುತ್ತಾರೆ, ಹೆಸರಿನ ಹಿಂದೆ 'ಶೇಖ್' ಎಂಬ ಗೌರವ ಸೇರಿಸಿ.

ಒಂದು ವರ್ಷದ ಲೇಟೆನ್ಸಿಯ ಜಗತ್ತಿನಲ್ಲಿ ಈ ಬೊಮ್ಮನೇ ಕೇಬಲ್. ಪತ್ರದಲ್ಲಿ ಬರೆಯಲಾಗದ್ದನ್ನು ಬಾಯಲ್ಲಿ ಹೇಳಿದವನು ಅವನು. ದಡದಲ್ಲಿ ಕೂತ ಯಜಮಾನನಿಗೆ ಕಾಣದ್ದನ್ನು ಕಂಡು ಬಂದವನೂ ಅವನೇ.

ನಾನಿರುವುದು ಬೇಗೂರಿನಲ್ಲಿ. ದಿನಾ ಆಫೀಸಿಗೆ ಹೋಗುವಾಗ ಬೊಮ್ಮನಹಳ್ಳಿ ಸಿಗ್ನಲ್ಲಿನಲ್ಲಿ ಹದಿನೈದು ನಿಮಿಷ ನಿಲ್ಲಲೇಬೇಕು. ಘೋಷ್ ಪುಸ್ತಕ ಓದಿದ ಮೇಲೆ ಆ ಬೋರ್ಡು ಕಂಡಾಗಲೆಲ್ಲ ಆ ಇನ್ನೊಬ್ಬ ಬೊಮ್ಮ ನೆನಪಾಗುತ್ತಾನೆ. ಬೊಮ್ಮ ಅಂದರೆ ಬ್ರಹ್ಮ. ಹಳಗನ್ನಡ ಶಾಸನಗಳಲ್ಲಿ ಲೆಕ್ಕವಿಲ್ಲದಷ್ಟು ಬೊಮ್ಮರಿದ್ದಾರೆ, ಬೊಮ್ಮಯ್ಯ, ಬೊಮ್ಮಿಸೆಟ್ಟಿಯರಿದ್ದಾರೆ. ಅವರಲ್ಲಿ ಸಂಬಳ, ಪ್ರಯಾಣ, ನಮಸ್ಕಾರ ಸಮೇತ ಉಳಿದುಕೊಂಡವನು ಈ ಒಬ್ಬ. ಅದೂ ಕನ್ನಡದ ಕಾಗದದಿಂದಲ್ಲ, ಕೈರೋದ ಕಾಗದದಿಂದ.

*

ಬೊಮ್ಮನ ನಂತರವೂ ಕರಾವಳಿಯಲ್ಲಿ ಸಣ್ಣ ಹಡಗುಗಳು ನಿಲ್ಲಲಿಲ್ಲ. 1340ರ ದಶಕದಲ್ಲಿ ಬಂದ ಇಬ್ನ್ ಬತೂತ ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರು, ಪರ್ಶಿಯಾ ಯೆಮೆನ್‌ಗಳ ದೊಡ್ಡ ವರ್ತಕರು ಇಲ್ಲಿಗೆ ಬಂದಿಳಿಯುತ್ತಿದ್ದರು ಎನ್ನುತ್ತಾನೆ. 1516ರ ಸುಮಾರಿಗೆ ಬರೆದ ಪೋರ್ಚುಗೀಸ್ ದುವಾರ್ತೆ ಬಾರ್ಬೊಸಾ ಬಾರ್ಕೂರು, ಬಸರೂರುಗಳಿಂದ ಹೊರಡುವ ಅಕ್ಕಿಯ ಬಗ್ಗೆ ಹೇಳುತ್ತಾನೆ. ಮಲಬಾರಿನ ಸಣ್ಣ ದೋಣಿಗಳು ತೆಂಗು ತಂದು ಅಕ್ಕಿ ತುಂಬಿಕೊಂಡು ಹೋಗುತ್ತಿದ್ದವು. ಮೆಣಸಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹೊಟ್ಟೆ ತುಂಬಿಸಿದ್ದು ಈ ಅಕ್ಕಿ.

ಅದೇ ಪೋರ್ಚುಗೀಸರು 'ಕರ್ತಾಜ್' ಎಂಬ ಪರವಾನಗಿ ಚೀಟಿ ತಂದರು. ಸಮುದ್ರದಲ್ಲಿ ಹೋಗುವ ಹಡಗಿನಲ್ಲಿ ಆ ಚೀಟಿ ಇರಬೇಕು, ಅವರ ಬಂದರಿಗೆ ಹೋಗಿ ಸುಂಕ ಕಟ್ಟಬೇಕು, ಅವರು ಬೇಡವೆಂದ ಸರಕು ಒಯ್ಯಬಾರದು. ಚೀಟಿ ಇಲ್ಲದಿದ್ದರೆ ಹಡಗೂ ಸರಕೂ ಜಪ್ತಿ. ವಿಜ್ಞಾನ ಕಥೆಯಲ್ಲಿ ಸಾಮ್ರಾಜ್ಯದ ಗಸ್ತು ನೌಕೆ ಬಂದು ಬಡ ಹಡಗಿನ ಕಾಗದಪತ್ರ ಕೇಳುವ ದೃಶ್ಯ ಓದಿದಾಗಲೆಲ್ಲ ನನಗೆ ಬಸರೂರಿನ ಅಕ್ಕಿ ದೋಣಿ ನೆನಪಾಗುತ್ತದೆ.

ಲಕ್ಷದ್ವೀಪದ ಕಥೆ ಇನ್ನೂ ಹತ್ತಿರದ್ದು. ಅಲ್ಲಿನ ಉತ್ತರದ ದ್ವೀಪಗಳು, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಹದಿನೆಂಟನೇ ಶತಮಾನದ ಕೊನೆಗೆ ಟಿಪ್ಪುವಿನ ಕೈಗೆ ಬಂದವು. 1799ರಲ್ಲಿ ಕಂಪನಿಗೆ ಹೋದವು. ಆಮೇಲೆ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವ ಆಚರಿಸುವ ಅದೇ ದಿನ, ಕೇಂದ್ರಾಡಳಿತಕ್ಕೆ ಸೇರಿದವು. ಅಂದರೆ ನಮ್ಮ ಒಂದು ಜಿಲ್ಲೆಯ ಭಾಗವೊಂದು ಸಮುದ್ರದಾಚೆ ಮುನ್ನೂರು ಕಿಲೋಮೀಟರ್ ಆಸುಪಾಸಿನಲ್ಲಿತ್ತು! ದ್ವೀಪದಲ್ಲಿ ತೆಂಗು ಬಿಟ್ಟು ಹೆಚ್ಚೇನೂ ಬೆಳೆಯುವುದಿಲ್ಲ. ದ್ವೀಪದವರು ತೆಂಗಿನ ನಾರು ಹೊಸೆದು ತಮ್ಮ 'ಓಡಂ' ಎಂಬ ಹಾಯಿಹಡಗಿನಲ್ಲಿ ಮಂಗಳೂರಿಗೆ ತರುತ್ತಿದ್ದರು, ಅಕ್ಕಿ ಒಯ್ಯುತ್ತಿದ್ದರು. ಆದರೆ ಆ ನಾರನ್ನು ಯಾರಿಗೆ ಬೇಕಾದರೂ ಮಾರುವಂತಿರಲಿಲ್ಲ. ಸರಕಾರಕ್ಕೇ ಕೊಡಬೇಕು, ಅದು ಹೇಳಿದ ದರಕ್ಕೇ ಕೊಡಬೇಕು. ಹಡಗು ಅವರದ್ದೇ, ಸಮುದ್ರ ಯಾರದ್ದೂ ಅಲ್ಲ, ಬೆಲೆ ಮಾತ್ರ ಸರಕಾರದ್ದು. 'ಸ್ವತಂತ್ರ' ವ್ಯಾಪಾರಿ ಹಡಗು ಅನ್ನುವ ಮಾತಿನಲ್ಲಿ ಸ್ವತಂತ್ರ ಎಷ್ಟು ಅಂತ ಇಲ್ಲಿ ಅಳೆಯಬೇಕು.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಜಿಗಳಿಗೆ ಹೊಸ ಸರಕು ಸಿಕ್ಕಿತು. ಮಂಜಿ ಅಂದರೆ ಗೊತ್ತಲ್ಲ, ಮರದ ಸರಕು ಹಡಗು. ಮಂಗಳೂರು ಹಂಚು ಪಶ್ಚಿಮ ಕರಾವಳಿಯ ಬಂದರುಗಳಿಗೆಲ್ಲ ಮಂಜಿಗಳಲ್ಲಿ ಹೋಯಿತು. ಕಲ್ಲಿನಂಥ ಭಾರದ, ಮುಟ್ಟಿದರೆ ಒಡೆಯುವ ಸರಕಿಗೆ ನೀರಿನ ದಾರಿಯೇ ವಾಸಿ. ಆಮೇಲೆ ರಸ್ತೆ ಬಂತು, ಲಾರಿ ಬಂತು. 1970ರ ದಶಕದಲ್ಲಿ ಪಣಂಬೂರಿನಲ್ಲಿ ದೊಡ್ಡ ಹಡಗುಗಳಿಗೆ ನವಮಂಗಳೂರು ಬಂದರು ಬಂತು, 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಮಂಜಿಗೆ ಉಳಿದದ್ದು ಲಾರಿಯೂ ರೈಲೂ ಹೋಗಲಾಗದ ಊರು ಮಾತ್ರ. ಅಂದರೆ ದ್ವೀಪಗಳು.

*

ಎರಡು ವರ್ಷದ ಹಿಂದೆ ಮಂಗಳೂರಿಗೆ ಹೋದಾಗ ಹಳೇ ಬಂದರಿನ ಧಕ್ಕೆಗೆ ಹೋಗಿದ್ದೆ. ಮೂರು ಮಂಜಿ ನಿಂತಿದ್ದವು. ಈಗ ಹಾಯಿ ಇಲ್ಲ, ಡೀಸೆಲ್ ಎಂಜಿನ್. ಸಿಮೆಂಟ್ ಚೀಲ, ಜಲ್ಲಿ, ಕಬ್ಬಿಣದ ಸರಳು, ಈರುಳ್ಳಿ ಮೂಟೆ, ಪ್ಲಾಸ್ಟಿಕ್ ಸುತ್ತಿದ ಒಂದು ಸೋಫಾ, ಎರಡು ಬೈಕು. ಮುಂಗಾರಿನಲ್ಲಿ ಸಂಚಾರ ಬಂದ್, ಹಾಗಾಗಿ ಮಳೆಗೆ ಮುಂಚೆ ಮುಟ್ಟಿಸುವ ಆತುರ. ಮಂಜಿಯ ತಂಡೇಲರು ಒಂದು ಮೂಟೆಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಐವತ್ತು ದಾಟಿದ ವಯಸ್ಸು. ಮಾತಾಡಿಸಿದೆ.

"ಅಣ್ಣ, ದಾರಿಯಲ್ಲಿ ಫೋನ್ ಸಿಗುತ್ತಾ?"

"ದಡ ಬಿಟ್ಟು ಸ್ವಲ್ಪ ದೂರ ಸಿಗ್ತದೆ ಸಾರ್. ಮತ್ತೆ ದೇವರೇ ಟವರ್."

ನೋಟ್‌ಬುಕ್ ತೋರಿಸಿದರು. ಯಾರ ಸರಕು, ಎಷ್ಟು ಮೂಟೆ, ಯಾವ ದ್ವೀಪ, ಬಾಡಿಗೆ ಎಷ್ಟು ಬಂತು, ಎಷ್ಟು ಬಾಕಿ. ಒಂದು ಹೆಸರಿನ ಮುಂದೆ ಮೊತ್ತವೇ ಇರಲಿಲ್ಲ. ಏನಿದು ಅಂತ ಕೇಳಿದೆ. "ಅದು ಮದುವೆ ಸಾಮಾನು. ಮದುವೆ ಆದ ಮೇಲೆ ಕೊಡ್ತಾರೆ. ಅವರ ಅಪ್ಪನೂ ಹಾಗೇ ಕೊಡ್ತಾ ಇದ್ದದ್ದು" ಅಂದರು.

ನಾನು ಅಲ್ಲೇ ಒಂದು ನಿಮಿಷ ಸುಮ್ಮನಾದೆ. ಮದ್ಮೂನನ ಲೆಕ್ಕದ ಪುಸ್ತಕವೇ ಎಂಟುನೂರ ಚಿಲ್ಲರೆ ವರ್ಷದ ಮೇಲೆ ನನ್ನ ಮುಂದೆ ಇತ್ತು, ಡೀಸೆಲ್ ವಾಸನೆ ಸಮೇತ. ಹಳೇ ನೋಟ್‌ಬುಕ್‌ಗಳು ಇವೆಯಾ ಅಂತ ಕೇಳಿದೆ.

"ಅದು ಎಂತಕ್ಕೆ ಸಾರ್? ಲೆಕ್ಕ ಚುಕ್ತಾ ಆಯ್ತಲ್ಲ. ರದ್ದಿಗೆ ಹೋಯ್ತು."

*

ಈ ಮಾತು ನನ್ನನ್ನು ಬಹಳ ಕಾಡಿತು. ನಮ್ಮಲ್ಲಿ ಬರೆಯುವ ಅಭ್ಯಾಸ ಇರಲಿಲ್ಲವೇ? ಇತ್ತು, ಧಾರಾಳವಾಗಿ ಇತ್ತು. ನಮ್ಮ ಬೇಗೂರಿನ ನಾಗೇಶ್ವರ ದೇವಸ್ಥಾನದ ಶಾಸನವನ್ನೇ ತಗೊಳ್ಳಿ. ಸುಮಾರು ಕ್ರಿ.ಶ. 890ರದ್ದು. 'ಬೆಂಗಳೂರು' ಎಂಬ ಹೆಸರು ಸಿಗುವ ಅತಿ ಹಳೆಯ ದಾಖಲೆ ಅಂತ ಎಲ್ಲರಿಗೂ ಗೊತ್ತು. ಬೆಂಗಳೂರು ಕಾಳಗದಲ್ಲಿ ಸತ್ತ ನಾಗತ್ತರನ ಕಡೆಯವನ ಹೆಸರು ಅದರಲ್ಲಿದೆ: ಬುಟ್ಟಣ ಸೆಟ್ಟಿ. ಸೆಟ್ಟಿ! ಅವನು ಏನು ಮಾರುತ್ತಿದ್ದ, ಯಾವ ಊರಿನ ಸಂತೆಗೆ ಹೋಗುತ್ತಿದ್ದ, ಯಾರಿಗೆ ಬಾಕಿ ಇಟ್ಟಿದ್ದ, ಕಲ್ಲು ಹೇಳುವುದಿಲ್ಲ. ಸತ್ತದ್ದನ್ನು ಮಾತ್ರ ಹೇಳುತ್ತದೆ. ಐಹೊಳೆಯ ಐನೂರ್ವರು ಎಂಬ ವರ್ತಕರ ಸಂಘ ಇನ್ನೂ ದೊಡ್ಡದು. ಅವರ ಹೆಸರಿನ ತಮಿಳು ಶಾಸನ 1088ರಷ್ಟು ಹಿಂದೆಯೇ ಸುಮಾತ್ರಾದಲ್ಲಿ ಸಿಗುತ್ತದೆ. ಆದರೆ ಅವರ ಶಾಸನಗಳಲ್ಲೂ ಸಿಗುವುದು ಬಿರುದು, ದಾನ, ಸುಂಕ. ಕಲ್ಲಿನ ಮೇಲೆ ಯಾರೂ ಬಾಕಿ ಲೆಕ್ಕ ಕೆತ್ತಿಸುವುದಿಲ್ಲ.

ಬಾಕಿ ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲು ಬಳಿದು, ಒಣಗಿಸಿ, ಪಟ್ಟಿ ಪಟ್ಟಿಯಾಗಿ ಮಡಿಸಿ, ಬಳಪದಲ್ಲಿ ಬರೆಯುವ ಕಪ್ಪು ಪುಸ್ತಕ. ನಮ್ಮ ವ್ಯಾಪಾರಿಗಳು, ಶಾನುಭೋಗರು, ಮಠದವರು ಎಲ್ಲರೂ ಬಳಸಿದ್ದು. ಅದರ ದೊಡ್ಡ ಗುಣವೇನೆಂದರೆ ಲೆಕ್ಕ ಮುಗಿದ ಮೇಲೆ ಅಳಿಸಿ ಮತ್ತೆ ಬರೆಯಬಹುದು. ಕೈರೋದವರಿಗೆ ಕಾಗದ ಬಿಸಾಡುವುದು ಪಾಪ, ಹಾಗಾಗಿ ಎಲ್ಲ ಉಳಿಯಿತು. ನಮ್ಮವರು ಅಳಿಸಿ ಬರೆಯುವ ಜಾಣತನ ಕಂಡುಹಿಡಿದಿದ್ದರು, ಹಾಗಾಗಿ ಎಷ್ಟೋ ಅಳಿದುಹೋಯಿತು. ಅವರದ್ದು ಬ್ಯಾಕಪ್ ಟೇಪು, ನಮ್ಮದು ರ‍್ಯಾಮ್. ಕಡತದ ಆ ಸಾಲಿನಲ್ಲೇ ತಂಡೇಲರ ನೋಟ್‌ಬುಕ್ಕೂ ಬರುತ್ತದೆ. ಲೆಕ್ಕ ಚುಕ್ತಾ ಆದರೆ ಅದರ ಕೆಲಸ ಮುಗಿಯಿತು.

ದೊಡ್ಡ ಹಡಗಿನ ಚರಿತ್ರೆ ಹೇಗೂ ಉಳಿಯುತ್ತದೆ. ಕಂಪನಿಯ ಕಚೇರಿ ಇದೆ, ಬಂದರಿನ ರಿಜಿಸ್ಟರ್ ಇದೆ, ಯುದ್ಧ ಆದರೆ ವೀರಗಲ್ಲೂ ಇದೆ. ಸಣ್ಣ ಹಡಗು ನಡೆಯುವುದು ಇಬ್ಬರ ನಡುವಿನ ಮಾತಿನ ಮೇಲೆ. ಆ ಇಬ್ಬರು ಹೋದ ಮೇಲೆ ಆ ಮಾತು ಒಂದು ತುಂಡು ಕಾಗದದಲ್ಲಿ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಮೆರಿಕದವರು ಸಾವಿರಾರು ವರ್ಷ ಮುಂದಿನ ಸಣ್ಣ ವ್ಯಾಪಾರಿ ಹಡಗಿಗೆ ತಿಂಗಳ ಕಂತಿನ ಲೆಕ್ಕ ಬರೆದಿಟ್ಟಿದ್ದಾರೆ. ನಮ್ಮ ತಾತಂದಿರ ಕಾಲದ ಮಂಜಿಯ ಒಂದು ತಿಂಗಳ ಲೆಕ್ಕ ನನ್ನ ಕಣ್ಣಿಗೆ ಬ್ಲಾಗುಗಳಲ್ಲೆಲ್ಲೂ ಬಿದ್ದಿಲ್ಲ.

ಅದಕ್ಕೇ ಒಂದು ಕೇಳಿಕೆ. ಇಲ್ಲಿ ಓದುವವರಲ್ಲಿ ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕುಮಟಾ, ಕಾರವಾರ, ಮಂಗಳೂರಿನ ಕಡೆಯವರು ಇದ್ದೀರಿ ಅಂತ ಗೊತ್ತು. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ, ಮುಚ್ಚಿದ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಹಂಚಿನ ಬಿಲ್ಲೋ, ಮಂಜಿಯ ಬಾಡಿಗೆ ಚೀಟಿಯೋ, ಅಜ್ಜನ ಲೆಕ್ಕದ ಪುಸ್ತಕವೋ ಇದ್ದರೆ ರದ್ದಿಗೆ ಹಾಕುವ ಮುಂಚೆ ಒಂದು ಫೋಟೋ ತೆಗೆಯಿರಿ. ಎಲ್ಲ ಪುಟ. ಅದರಲ್ಲಿ ದೊಡ್ಡದೇನೂ ಇರಬೇಕಾಗಿಲ್ಲ, ಎರಡು ಮೂಟೆ ಅಕ್ಕಿ, ಒಂದು ಹೆಸರು, ಇಷ್ಟು ಬಾಕಿ ಅಂತ ಇದ್ದರೆ ಸಾಕು. ಫೋಟೋವನ್ನು ನಿಮ್ಮ ಬ್ಲಾಗಿನಲ್ಲೇ ಹಾಕಿ, ಅಕ್ಷರ ಓದಲಾಗದಿದ್ದರೆ ನಾವು ನಾಲ್ಕು ಜನ ಸೇರಿ ಓದೋಣ. ಬೊಮ್ಮ ನಮಗೆ ಸಿಕ್ಕಿದ್ದು ಅಂಥದ್ದೇ ಒಂದು ಸಾಲಿನಿಂದ.